ಡಾಕ್ಟರಮ್ಮ ಬಾಯಿ ಬಿಡದ ಕಾರಣ

ಹೊಲಿಗೆ ಮಿಷನ್ ರಿಪೇರಿಯವನ ಮನೆಯ ನಾಯಿಮರಿ ನಾಲ್ಕು ದಿನದಿಂದ ಊಟಕ್ಕೆ ಮೂತಿ ಇಟ್ಟಿರಲಿಲ್ಲ. ಪ್ರಾಣಿಗಳ ಡಾಕ್ಟರಮ್ಮ ಎಕ್ಸ್‌ರೇ ತೆಗೆದು, ಅದನ್ನು ಲಕೋಟೆಗೆ ಸೇರಿಸಿ, "ನೋಡೋಣ, ಗುರುವಾರ ಬನ್ನಿ" ಎಂದಷ್ಟೇ ಹೇಳಿ ಕಳಿಸಿದ್ದರು.

"ಏನೋ ಕೆಟ್ಟದ್ದೇ ಇರಬೇಕು, ಅದಕ್ಕೇ ಬಾಯಿ ಬಿಡ್ತಿಲ್ಲ," ಎಂದು ಹೆಂಡತಿ ಕಣ್ಣೊರೆಸಿಕೊಂಡಳು.

ಅವನಿಗೆ ಅಳುವಿಗಿಂತ ಕುತೂಹಲವೇ ತಲೆ ಕೊರೆಯುತ್ತಿತ್ತು. ಡಾಕ್ಟರಮ್ಮನ ಆ ಮಾತನ್ನು ಎಲ್ಲೋ ಕೇಳಿದ ಹಾಗಿತ್ತು. ಮರುದಿನ ಅಂಗಡಿಯಲ್ಲಿ ಮಿಷನ್ ಒಂದನ್ನು ಬಿಚ್ಚಿ, ದಾರ ಏಕೆ ತುಂಡಾಗುತ್ತಿದೆಯೆಂದು ತಿಳಿಯದೆ, ಗಿರಾಕಿಗೆ "ನೋಡೋಣ, ಗುರುವಾರ ಬನ್ನಿ" ಎಂದು ತಾನೇ ಅಂದಾಗ ಹೊಳೆಯಿತು. ಬಾಗಿಲೆಳೆದು ನೇರ ಆಸ್ಪತ್ರೆಗೆ ಹೋದ.

"ತಪ್ಪು ತಿಳ್ಕೋಬೇಡಿ ಡಾಕ್ಟ್ರೇ. ಮರಿಗೆ ಏನಾಗಿದೆ ಅಂತ ನಿಮಗೂ ಗೊತ್ತಾಗಿಲ್ಲ, ಅಲ್ವಾ?"

ಡಾಕ್ಟರಮ್ಮನ ಮುಖ ಬಿಗಿಯಾಯಿತು, ಆಮೇಲೆ ಸಡಿಲಾಯಿತು.

"ಗೊತ್ತಾಗಿಲ್ಲ ಅಂದ್ರೆ ಮತ್ತೆ ಯಾರು ಬರ್ತಾರೆ ಹೇಳಿ?"

"ನಾನು ಬರ್ತೀನಿ. ಮೊದಲು ಆ ಚಿತ್ರ ತೋರಿಸಿ."

ಮರಿಯ ಹೊಟ್ಟೆಯಲ್ಲೊಂದು ಮಸುಕು ಕಲೆಯಿತ್ತು. ಅದು ಗಡ್ಡೆಯೋ, ನುಂಗಿದ ವಸ್ತುವೋ ಎಂಬುದೇ ಅವರ ಅನುಮಾನ. ತಮಗೆ ಪಾಠ ಹೇಳಿದ ಮೇಷ್ಟ್ರಿಗೆ ಅವನೆದುರೇ ಆ ಚಿತ್ರವನ್ನು ಫೋನಿನಲ್ಲಿ ಕಳಿಸಿದರು. "ಬಟ್ಟೆ ಥರ ಕಾಣ್ತಿದೆ ಕಣಮ್ಮ, ಇವತ್ತೇ ತೆಗೆದುಬಿಡು," ಎಂದರು ಮೇಷ್ಟ್ರು.

ಹೆಂಡತಿ ಮರಿಯನ್ನು ಎತ್ತಿಕೊಂಡು ಆಸ್ಪತ್ರೆಗೆ ಬಂದಳು. ಸಂಜೆ ಆಪರೇಷನ್ ಮುಗಿದಾಗ ತಟ್ಟೆಯಲ್ಲಿ ಅರ್ಧ ಕಾಲುಚೀಲ ಬಿದ್ದಿತ್ತು. ಮರಿ ಮಂಪರಿನಲ್ಲೇ ಬಾಲ ಅಲ್ಲಾಡಿಸಿತು. ಹೆಂಡತಿ ನಗುತ್ತ ಅಳುತ್ತ ತಟ್ಟೆಯತ್ತ ಬಗ್ಗಿದಳು.

"ಅಲ್ಲ ರೀ, ಇದು ನಮ್ಮನೇದಲ್ವಲ್ಲ, ಯಾರ ಮನೇದನ್ನ ಕದ್ದು ನುಂಗಿತೋ!" ಎಂದಳು.