ಗೂಡು ಹತ್ತದ ಕೋಳಿಗಳು

ಸಂಜೆಯಾದರೆ ಕೋಳಿ ಗೂಡು ಸೇರುತ್ತದೆ. ಅದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಆ ವರ್ಷದ ಜೂನ್ ತಿಂಗಳಲ್ಲಿ ನಮ್ಮ ಕಡಲಂಚಿನ ಹಳ್ಳಿ ನಾಕ್‌ರೂವಾದಲ್ಲಿ ಗ್ರಾನ್ಯಳ ಕೋಳಿಗಳು ಗೂಡಿನ ಬಾಗಿಲವರೆಗೆ ಬರುತ್ತಿದ್ದವು, ಕತ್ತು ಚಾಚಿ ಒಳಗೆ ಇಣುಕುತ್ತಿದ್ದವು, ಆಮೇಲೆ ಹಿಂದಕ್ಕೆ ತಿರುಗಿಬಿಡುತ್ತಿದ್ದವು. ಕಲ್ಲುಗೋಡೆಯ ಮೇಲೆ, ಕತ್ತೆಗಾಡಿಯ ಮೂಕಿಯ ಮೇಲೆ, ಕಡಲಗಾಳಿಗೆ ರೆಕ್ಕೆ ಕೆದರಿಕೊಂಡು ಕೂರುತ್ತಿದ್ದವು. ನರಿ ಎರಡು ಹೊಲದಾಚೆಯೇ ಇತ್ತು.

ಹನ್ನೆರಡು ಕೋಳಿಗಳು. ಏಪ್ರಿಲಿನಲ್ಲಿ ದಿನಕ್ಕೆ ಒಂಬತ್ತು ಮೊಟ್ಟೆ ಸಿಗುತ್ತಿತ್ತು. ಈಗ ಒಂದು ಸಿಕ್ಕರೆ ಹೆಚ್ಚು. ದಾಸವಾಳದಂತಿದ್ದ ಜುಟ್ಟುಗಳು ಬಿಳಚಿಕೊಂಡಿದ್ದವು. ಕಾವಿಗೆ ಕೂತಿದ್ದ ಕಂದು ಕೋಳಿ ಮೊಟ್ಟೆಗಳನ್ನು ಬಿಟ್ಟು ಎದ್ದು ಹೋಯಿತು, ನಾಲ್ಕನೆಯ ದಿನ ಬೇಲಿಯ ಬುಡದಲ್ಲಿ ಸತ್ತು ಬಿದ್ದಿತ್ತು. ಹನ್ನೊಂದು ಉಳಿದವು.

ಗ್ರಾನ್ಯಳ ಅತ್ತೆ ನಾಪ್ಲಾ ಕಾರಣ ಹುಡುಕಿಕೊಂಡು ದೂರ ಹೋಗಲಿಲ್ಲ. ಮೇ ತಿಂಗಳ ಮೊದಲ ದಿನ ಮನೆಯಿಂದ ಏನನ್ನೂ ಹೊರಗೆ ಕೊಡಬಾರದೆಂಬುದು ನಮ್ಮ ಕಡೆಯ ಕಟ್ಟಳೆ. ಒಲೆಯ ಕೆಂಡ ಕೊಡಬಾರದು, ಹಾಲು ಕೊಡಬಾರದು, ಮೊಟ್ಟೆಯನ್ನಂತೂ ಕೊಡಲೇಬಾರದು. ಕೊಟ್ಟರೆ ಆ ವರ್ಷದ ಭಾಗ್ಯ ಅದರ ಜೊತೆಗೇ ಹೊಸ್ತಿಲು ದಾಟುತ್ತದೆ ಎನ್ನುತ್ತಾರೆ. ಆ ದಿನವೇ ಪಕ್ಕದ ಮನೆಯ ವಿಧವೆ ಬೈಬೀನ್ ಬಂದು, ತನ್ನ ಕೋಳಿ ಕಾವಿಗೆ ಕೂತಿದೆ, ಮೊಟ್ಟೆ ಬೇಕು ಎಂದು ಕೇಳಿದ್ದಳು. ಗ್ರಾನ್ಯ ಹನ್ನೆರಡು ಮೊಟ್ಟೆ ಆರಿಸಿ ಕೊಟ್ಟಿದ್ದಳು. ಬೈಬೀನಳ ಅಂಗಳದಲ್ಲಿ ಈಗ ಹತ್ತು ಮರಿ ಚಿಂವ್‌ಗುಟ್ಟುತ್ತಿದ್ದವು.

"ಅವಳು ಮೊಟ್ಟೆ ತಗೊಂಡು ಹೋಗ್ಲಿಲ್ಲ ಕಣೇ, ನಮ್ಮ ಗೂಡನ್ನೇ ತಗೊಂಡು ಹೋದ್ಲು," ಎಂದಳು ನಾಪ್ಲಾ.

ಅವಳು ಎರಡು ತೀರ್ಮಾನ ಮಾಡಿದಳು. ಸಂತ ಯೋಹಾನ್ನರ ಹಬ್ಬದ ಹಿಂದಿನ ದಿನ, ಊರವರು ಬೆಟ್ಟದ ಮೇಲೆ ಬೆಂಕಿ ಹಚ್ಚುವ ದಿನ, ಹನ್ನೊಂದನ್ನೂ ಕೊಯ್ದು ಗೂಡು ಮುಚ್ಚಬೇಕು. ಬೈಬೀನ್ ಇನ್ನು ಮೇಲೆ ಈ ಮನೆಯ ಒಳಗೆ ಬರಕೂಡದು. ಗ್ರಾನ್ಯಳ ಗಂಡ ಕೋಲ್ಮನ್ ದೋಣಿಯ ಮನುಷ್ಯ. ಅಮ್ಮನ ಮಾತಿಗೂ ಹೂಂ ಅನ್ನುತ್ತಿದ್ದ, ಹೆಂಡತಿಯ ಮಾತಿಗೂ ಹೂಂ ಅನ್ನುತ್ತಿದ್ದ, ಆಮೇಲೆ ಬಲೆ ಹೊಲಿಯಲು ಹೋಗುತ್ತಿದ್ದ.

ಮರುದಿನ ಬೈಬೀನ್ ಎಂದಿನಂತೆ ಒಂದು ತಂಬಿಗೆ ಮಜ್ಜಿಗೆ ಹಿಡಿದು ಬಂದಳು. ಇಪ್ಪತ್ತಾರು ವರ್ಷ ಬಾಗಿಲು ತಟ್ಟದೆ ಒಳಗೆ ಬಂದವಳು ಅವಳು. ನಾಪ್ಲಾ ಬಾಗಿಲಿಗೆ ಅಡ್ಡ ನಿಂತು, ಯಾಕೆ ಬರಬಾರದೆಂದು ಬಾವಿಕಟ್ಟೆಗೂ ಕೇಳುವಂತೆ ನಾಲ್ಕು ಮಾತಿನಲ್ಲಿ ಹೇಳಿದಳು. ಬೈಬೀನ್ ತಲೆ ತಗ್ಗಿಸಿದಳು. ತಂಬಿಗೆಯನ್ನು ಗೋಡೆಯ ಮೇಲಿಟ್ಟು ತಿರುಗಿ ನಡೆದಳು. ಬಾವಿಯಿಂದ ಬರುತ್ತಿದ್ದ ಗ್ರಾನ್ಯ ಆ ಬೆನ್ನನ್ನು ನೋಡಿದಳು.

ಅವಳು ಕೊಡವಿಳಿಸಿ, ತಂಬಿಗೆಯನ್ನು ಒಳಗೆ ತಂದು, ಅತ್ತೆಯ ಎದುರಿಗೇ ಲೋಟಕ್ಕೆ ಬಗ್ಗಿಸಿಕೊಂಡು ತಳ ಕಾಣುವವರೆಗೆ ಕುಡಿದಳು.

"ನೋಡಿ ಅತ್ತೆ, ಕುಡಿದೆ. ನಂಗೇನಾದ್ರೂ ಆದ್ರೆ ಕೋಳಿ ಜೊತೆ ನನ್ನೂ ಕೊಯ್ರಿ. ಅಲ್ಲೀತನಕ ನನ್ನ ಕೋಳಿಗೆ ಕೈ ಹಾಕ್ಬೇಡಿ, ಬೈಬೀನಮ್ಮನ್ನ ಅನ್ಬೇಡಿ."

ಹಬ್ಬದ ಬೆಂಕಿಗೆ ಇನ್ನು ಒಂಬತ್ತು ದಿನ ಉಳಿದಿತ್ತು.

ಆ ವಾರ ಜಿಲ್ಲೆಯ ಕೋಳಿ ಸಾಕಣೆಯ ಶಿಕ್ಷಕಿ ಮಿಸ್ ಡೆವಾನಿ ಸೈಕಲ್ಲಿನಲ್ಲಿ ಬಂದು, ಶಾಲೆಯ ಮೇಷ್ಟರ ಮನೆಯಲ್ಲಿ ಇಳಿದುಕೊಂಡಿದ್ದಳು. ಶಾಲೆಯಲ್ಲಿ ಹೆಂಗಸರಿಗೆ ಪಾಠ ಹೇಳುತ್ತಾಳಂತೆ ಎಂಬ ಸುದ್ದಿ ಹರಡಿತು. ಮೊಟ್ಟೆಗೆ ದೃಷ್ಟಿ ತಗುಲಿದ್ದರೆ ಸೈಕಲ್ಲಿನವಳು ಏನು ಮಾಡುತ್ತಾಳೆ, ಬೆಲ್ ಹೊಡೆಯುತ್ತಾಳಾ ಎಂದು ಬಾವಿಕಟ್ಟೆಯಲ್ಲಿ ನಕ್ಕರು. ಹೊಡೆದರೆ ಹೊಡೆಯಲಿ, ಆ ಸದ್ದಿಗಾದರೂ ನಿಮ್ಮ ಬಾಯಿ ನಿಲ್ಲುತ್ತದೋ ನೋಡೋಣ ಎಂದು ಹೇಳಿ ಗ್ರಾನ್ಯ ಒಬ್ಬಳೇ ಹೋದಳು. ಸಂಜೆಯೊಳಗೆ ಮಿಸ್ ಡೆವಾನಿಯನ್ನು ಮನೆಗೇ ಕರೆತಂದಳು.

ಮಿಸ್ ಡೆವಾನಿ ನೇರ ಕೋಳಿಗಳ ಹತ್ತಿರ ಹೋದಳು. ಒಂದು ಕೋಳಿಯನ್ನು ತೊಡೆಯ ಮೇಲೆ ಮಗುಚಿಕೊಂಡು, ರೆಕ್ಕೆಯ ಕೆಳಗೆ ಉಫ್ ಎಂದು ಊದಿ ಪುಕ್ಕ ಬಿಡಿಸಿ ನೋಡಿದಳು. ಕೊಕ್ಕು ತೆರೆದು ನೋಡಿದಳು, ಒಳಗೆಲ್ಲ ಬಿಳಚಿತ್ತು. ಗೂಡಿನೊಳಗೆ ಹೋಗಿ ಬಂದಳು. ಏನು ತಿನ್ನಿಸುತ್ತೀರಿ ಎಂದು ಕೇಳಿದಳು. ಬೇಯಿಸಿದ ಆಲೂಗಡ್ಡೆ ಸಿಪ್ಪೆ ಎಂದಳು ನಾಪ್ಲಾ, ತನ್ನ ತಾಯಿಯ ಕಾಲದಿಂದಲೂ ಅದೇ ಎಂದು ಸೇರಿಸಿದಳು.

"ಕೋಳಿ ಸುಮ್ನೆ ಹಟ ಮಾಡಲ್ಲ ಅಮ್ಮಾ," ಎಂದಳು ಮಿಸ್ ಡೆವಾನಿ. "ಒಳಗೆ ಹೋಗಲ್ಲ ಅಂದ್ರೆ ಒಳಗೆ ಏನೋ ಇದೆ ಅಂತ ಅದು ನಿಮಗೆ ಹೇಳ್ತಾ ಇದೆ. ಇವತ್ತು ಅವು ಕೂರೋ ಅಡ್ಡಗೋಲಿಗೆ ಬಿಳೀ ಬಟ್ಟೆ ಸುತ್ತಿ, ಹಿಡ್ದು ಒಳಗೆ ಕೂರ್ಸಿ. ಬೆಳಿಗ್ಗೆ ನಾನು ಬರ್ತೀನಿ, ಒಟ್ಟಿಗೆ ಬಿಚ್ಚಿ ನೋಡೋಣ."

ಬೆಳಗ್ಗೆ ಬಟ್ಟೆ ಬಿಚ್ಚಿದಾಗ ಮಡಿಕೆಗಳ ತುಂಬ ಕೆಂಪು ಚುಕ್ಕೆಗಳು, ಸಾಸಿವೆಗಿಂತ ಸಣ್ಣವು. ತುಕ್ಕು ಎಂದಳು ನಾಪ್ಲಾ.

"ತುಕ್ಕು ಓಡಾಡಲ್ಲ ಅಮ್ಮಾ," ಎಂದಳು ಮಿಸ್ ಡೆವಾನಿ.

ಅದು ಕೆಂಪು ನುಸಿ. ಹಗಲಿಡೀ ಮರದ ಬಿರುಕಿನಲ್ಲಿ, ಕಲ್ಲಿನ ಸಂದಿಯಲ್ಲಿ ಅಡಗಿರುತ್ತದೆ, ಕತ್ತಲಾದ ಮೇಲೆ ಹೊರಬಂದು ಕೋಳಿಯ ರಕ್ತ ಹೀರುತ್ತದೆ, ಬೆಳಕು ಹರಿಯುವ ಮುಂಚೆ ಮರಳುತ್ತದೆ. ಆದ್ದರಿಂದಲೇ ಹಗಲಲ್ಲಿ ಕೋಳಿಯನ್ನು ಎಷ್ಟು ತಡಕಿದರೂ ಕಣ್ಣಿಗೆ ಬೀಳುವುದಿಲ್ಲ. ಸೆಕೆ ಹೆಚ್ಚಿದಂತೆ ವಾರಕ್ಕೊಂದು ಹೊಸ ಪೀಳಿಗೆ ಹುಟ್ಟುತ್ತದೆ. ಇಷ್ಟನ್ನು ಹೇಳಿ ಮಿಸ್ ಡೆವಾನಿ ಇವು ಅಡಗಿರುವ ಜಾಗ ಯಾವುದೆಂದು ಹುಡುಕುತ್ತ ತಲೆಯೆತ್ತಿದಳು.

ಅಡ್ಡಗೋಲಿನ ತುದಿಗೆ ತಾಗುವಂತೆ, ಗೋಡೆಯುದ್ದಕ್ಕೂ, ಶಿಲುಬೆಗಳಿದ್ದವು.

ಪ್ರತಿ ವರ್ಷ ಜನವರಿಯ ಕೊನೆಯ ಸಂಜೆ ನಾವು ಜೊಂಡುಹುಲ್ಲಿನಿಂದ ಸಂತ ಬ್ರಿಜಿಡಮ್ಮನ ಶಿಲುಬೆ ಹೆಣೆಯುತ್ತೇವೆ. ಮನೆಗೊಂದು, ಕೊಟ್ಟಿಗೆಗೊಂದು, ಕೋಳಿಗೂಡಿಗೊಂದು. ಹೊಸದು ಬಂದಾಗ ಹಳೆಯದನ್ನು ಒಲೆಗೆ ಒಪ್ಪಿಸುವ ಮನೆಗಳಿವೆ, ಇದ್ದಲ್ಲೇ ಬಿಡುವ ಮನೆಗಳೂ ಇವೆ. ನಾಪ್ಲಾ ಬಿಡುವವಳು. ಮದುವೆಯಾಗಿ ಬಂದ ವರ್ಷದಿಂದ ಒಂದನ್ನೂ ತೆಗೆದಿರಲಿಲ್ಲ. ಮೊದಲನೆಯದನ್ನು ಅವಳ ಗಂಡ ಮಾರ್ಟನ್ ಹೆಣೆದಿದ್ದ. ಅವನು ಕಡಲಿನ ಪಾಲಾಗಿ ಹದಿನೇಳು ವರ್ಷವಾಗಿತ್ತು. ಮೂವತ್ತೆಂಟು ಶಿಲುಬೆಗಳು ಒಂದರ ಮೇಲೊಂದು, ಒಣಗಿ, ಧೂಳು ಹಿಡಿದು ಗೋಡೆಗಂಟಿದ್ದವು.

ಇವನ್ನು ತೆಗೆಯಿರಿ ಎನ್ನುವುದು ತಾನು ಹೇಳುವ ಮಾತಲ್ಲವೆಂದು ಮಿಸ್ ಡೆವಾನಿ ಹೊರಗೆ ಹೋಗಿ ಸೈಕಲ್ಲಿನ ಪಕ್ಕ ನಿಂತಳು. ಒಳಗೆ ಅತ್ತೆ ಸೊಸೆ ಇಬ್ಬರೇ. ನಾಪ್ಲಾ ಶಿಲುಬೆಗಳಿಗೆ ಬೆನ್ನು ಕೊಟ್ಟು ಕೈಯಗಲಿಸಿದಳು.

"ಇದನ್ನ ಮುಟ್ಟಿದ್ರೆ ನೀನು ಈ ಮನೆ ಸೊಸೆ ಅಲ್ಲ."

ಗ್ರಾನ್ಯ ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಮಾಡಿಕೊಂಡಳು. ಆದರೆ ಹಿಂದೆ ಸರಿಯಲಿಲ್ಲ.

"ಅಲ್ಲ ಅಂದ್ರೆ ಅಲ್ಲ ಬಿಡಿ ಅತ್ತೆ. ಬ್ರಿಜಿಡಮ್ಮ ಹಾಲು ಕರೆದೋಳು, ಸಗಣಿ ಬಾಚಿದೋಳು. ಗೂಡು ಗುಡಿಸಿದ್ರು ಅಂತ ಅವಳು ಮುನಿಯಲ್ಲ. ಮುನಿದ್ರೆ ನನ್ನ ಮೇಲೆ ಮುನೀಲಿ. ಹನ್ನೊಂದು ಜೀವ ರಕ್ತ ಸುರಿಸ್ತಿರುವಾಗ ನಾನು ಬಾಗಿಲಲ್ಲಿ ನಿಂತು ಜಪ ಮಾಡ್ತಾ ಇರಲ್ಲ. ಮಾಡದ ತಪ್ಪಿಗೆ ಬೈಬೀನಮ್ಮ ತಲೆ ತಗ್ಗಿಸಿ ಹೋಗೋದನ್ನೂ ನೋಡಲ್ಲ."

ಅತ್ತೆಯ ತೋಳಿನ ಕೆಳಗಿಂದ ಕೈ ಚಾಚಿ ಒಂದು ಶಿಲುಬೆಯನ್ನು ಬಿಡಿಸಿಕೊಂಡಳು. ಸೊಂಟಕ್ಕೆ ಕಟ್ಟಿದ್ದ ಬಿಳಿ ಏಪ್ರನ್ನಿನ ಮೇಲಿಟ್ಟು, ನಡುವಿನ ಹೆಣಿಗೆಯನ್ನು ಮೆಲ್ಲಗೆ ತೆರೆದಳು. ಕೆಂಪು ನುಸಿ ಹೊರಬಂತು. ಕಾಳು ಚೆಲ್ಲಿದಂತೆ ಬಟ್ಟೆಯ ತುಂಬ ಹರಡಿತು. ನಾಪ್ಲಾ ಬಾಗಿ ನೋಡಿದಳು. ಒಂದನ್ನು ಬೆರಳಿನಿಂದ ಒತ್ತಿದಳು. ಬೆರಳ ತುದಿಗೆ ರಕ್ತ ಅಂಟಿತು. ಅವಳು ಆ ಬೆರಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಮಾರ್ಟನ್ ಹೆಣೆದಿದ್ದು ಗೋಡೆಗಂಟಿಕೊಂಡು ಎಲ್ಲದಕ್ಕೂ ಹಿಂದೆ ಇದೆ," ಎಂದಳು ಕಡೆಗೆ. "ಅದನ್ನ ನೀನು ಮುಟ್ಬೇಡ. ನಾನೇ ತೆಗೀತೀನಿ."

ಆ ದಿನ ನಡುಮನೆಯ ಒಲೆಯಲ್ಲಿ ಮೂವತ್ತೆಂಟು ಶಿಲುಬೆಗಳು ಒಂದೊಂದಾಗಿ ಉರಿದವು. ಒಂದೊಂದಕ್ಕೂ ನಾಪ್ಲಾ ಒಂದೊಂದು ನಮೋ ಮರಿಯಾ ಜಪ ಹೇಳಿದಳು. ಕೊನೆಯದಕ್ಕೆ ಎರಡು ಹೇಳಿದಳು.

ಆಮೇಲೆ ಕೆಲಸ ಶುರುವಾಯಿತು. ಕೋಳಿಗಳನ್ನು ಗಾಡಿಮನೆಗೆ ಸಾಗಿಸಿದರು. ಗೂಡಿನ ಹಳೆಯ ಹುಲ್ಲನ್ನೆಲ್ಲ ಹೊರಗೆಳೆದು ಸುಟ್ಟರು. ಅಡ್ಡಗೋಲುಗಳನ್ನು ಕಿತ್ತು, ವಾಷಿಂಗ್ ಸೋಡಾ ಹಾಕಿದ ಕುದಿನೀರು ಹುಯ್ದು ಉಜ್ಜಿದರು. ಗೋಡೆಯ ಸಂದು ಸಂದಿಗೂ ಸುಣ್ಣ ತುಂಬುವಂತೆ ಬಳಿದರು. ಸುಣ್ಣ ಪೂರ್ತಿ ಒಣಗುವವರೆಗೆ ಕೋಳಿ ಒಳಗೆ ಬಿಡಬೇಡಿ, ಅದರ ಕಾಲು ಕಣ್ಣು ಸುಟ್ಟೀತು ಎಂದು ಮಿಸ್ ಡೆವಾನಿ ಎಚ್ಚರಿಸಿದಳು. ಬಿಸಿಲು ಬೀಳುವ ಮೂಲೆಯಲ್ಲಿ ಒಂದು ಗುಂಡಿ ತೋಡಿ ಒಣಮಣ್ಣು, ಜರಡಿ ಹಿಡಿದ ಬೂದಿ ತುಂಬಿದರು. ಕೋಳಿಗಳು ಅದರಲ್ಲಿ ಬಿದ್ದು ಹೊರಳಿ ತಾವೇ ಮೈ ಶುದ್ಧ ಮಾಡಿಕೊಳ್ಳುತ್ತವೆ. ಬರೀ ಸಿಪ್ಪೆ ತಿಂದು ದಿನಾ ಮೊಟ್ಟೆ ಇಡು ಎಂದರೆ ಅದು ಚಿಪ್ಪನ್ನು ಎಲ್ಲಿಂದ ತರಬೇಕು ಎಂದು ಅವಳು ಕೇಳಿದಾಗ, ನಾಪ್ಲಾ ತಾನೇ ಕಡಲದಂಡೆಗೆ ಹೋಗಿ ಚಿಪ್ಪು ಆಯ್ದು ತಂದು ಕುಟ್ಟಿದಳು. ಸಿಪ್ಪೆಯ ಜೊತೆ ಓಟ್ಸ್ ಕಾಳು, ಮೀನಿನ ತಲೆ ಬೇಯಿಸಿದ್ದು, ದಿನಕ್ಕೆರಡು ಸಲ ಹೊಸ ನೀರು ಎಂದು ನಿಯಮವಾಯಿತು.

ವಾರ ಕಳೆದ ಮೇಲೆ ಇದನ್ನೆಲ್ಲ ಮತ್ತೊಮ್ಮೆ ಮಾಡಬೇಕು ಎಂದು ಮಿಸ್ ಡೆವಾನಿ ಹೇಳಿ ಹೋಗಿದ್ದಳು. ಅದು ಸರಿಯಾಗಿ ಬೆಂಕಿ ಹಬ್ಬದ ದಿನವೇ ಬಂತು. ಒಮ್ಮೆ ಉಜ್ಜಿದ್ದು ಸಾಲದೇ, ಹಬ್ಬದ ದಿನವೂ ಬಿಡಲ್ವಾ ಎಂದು ಕೋಲ್ಮನ್ ಗೊಣಗಿದ.

"ಸತ್ತಿದ್ದು ದೊಡ್ಡೋವು, ಕೋಲ್ಮನ್. ಅವು ಇಟ್ಟ ತತ್ತಿ ಈಗ ಒಡೀತಾ ಇರತ್ತೆ," ಎಂದಳು ಗ್ರಾನ್ಯ. "ಇವತ್ತು ಕೊಯ್ಯೋಕೆ ಅಂತ ಕತ್ತಿ ಮಸೆದಿದ್ಯಲ್ಲ, ಅದನ್ನೇ ತಗೊ. ಆ ಬಿರುಕು ಕೆರೆಯೋಕೆ ಚೆನ್ನಾಗಿದೆ."

ಅವನು ಹೂಂ ಎಂದ. ಕೆರೆದ.

ಮೊಟ್ಟೆ ಮರುದಿನವೇ ಬರಲಿಲ್ಲ. ರಕ್ತ ಕಳೆದುಕೊಂಡ ಮೈಗೆ ಸಮಯ ಬೇಕು. ಆದರೆ ಗೂಡು ಒಣಗಿದ ಸಂಜೆಯೇ ಹನ್ನೊಂದೂ ಸಾಲಾಗಿ ಬಾಗಿಲು ಹೊಕ್ಕವು, ಯಾರೂ ಅಟ್ಟಲಿಲ್ಲ. ಜುಲೈ ಮೊದಲ ವಾರ ಮೂರು ಮೊಟ್ಟೆ, ತಿಂಗಳ ಕೊನೆಗೆ ಏಳು.

ಬೈಬೀನ್ ಮಾತ್ರ ಬರಲಿಲ್ಲ. ಗ್ರಾನ್ಯ ಎರಡು ಸಲ ಕರೆದಳು. ನಿನ್ನ ಮೇಲೆ ನನಗೇನೂ ಇಲ್ಲ ಮಗಳೇ, ಆದರೆ ಬಾಗಿಲು ನೀನು ಮುಚ್ಚಿದ್ದಲ್ಲ ಎಂದು ಅವಳು ಹೇಳಿ ಕಳಿಸಿದಳು. ಆ ಮಾತು ಕೇಳಿದ ಮೇಲೆ ನಾಪ್ಲಾ ಆ ಸಂಜೆಯೇ ಹೊಸ ಸುಣ್ಣ ಕಲಸಿದಳು. ಮರುದಿನ ಸುಣ್ಣದ ಬಕೆಟ್ಟು, ಒಂದು ಬಿಳಿ ಬಟ್ಟೆ ಹಿಡಿದು ಬೈಬೀನಳ ಮನೆಯ ಮುಂದೆ ನಿಂತಳು.

"ನಿನ್ನ ಗೂಡು ನೋಡೋಕ್ ಬಂದೆ."

"ಏನು, ನಿನ್ನ ಭಾಗ್ಯ ಹುಡುಕೋಕಾ?" ಎಂದಳು ಬೈಬೀನ್ ಒಳಗಿನಿಂದಲೇ.

"ನುಸಿ ಹುಡುಕೋಕೆ. ಭಾಗ್ಯ ಎಲ್ಲೂ ಹೋಗಿರ್ಲಿಲ್ಲ ಕಣೆ. ನನ್ನ ಗೂಡಲ್ಲಿ ನಾನೇ ನುಸಿ ಸಾಕ್ಕೊಂಡು ನಿನ್ನ ಅಂದೆ. ತಪ್ಪಾಯ್ತು."

"ಕೇಳಿಸ್ಲಿಲ್ಲ."

"ತಪ್ಪಾಯ್ತು ಅಂದೆ, ಕಿವುಡೀ."

"ಬಾವಿಕಟ್ಟೇಲಿರೋರಿಗೂ ಕೇಳ್ಬೇಕು ನಾಪ್ಲಾ. ಅವತ್ತು ಅವರಿಗೂ ಕೇಳಿಸ್ತಲ್ಲ."

ನಾಪ್ಲಾ ಬಕೆಟ್ಟು ಕೆಳಗಿಟ್ಟಳು. ಬಾವಿಯ ಕಡೆಗೆ ತಿರುಗಿ, ಪೂಜೆಯಲ್ಲಿ ಹಾಡುವ ಗಂಟಲಿನಿಂದ, ಬೈಬೀನಳ ಮೇಲೆ ಹೊರಿಸಿದ ಮಾತು ಸುಳ್ಳು, ಅದು ತನ್ನ ತಪ್ಪು ಎಂದು ಕೂಗಿ ಹೇಳಿದಳು. ಬಾವಿಕಟ್ಟೆಯ ಹೆಂಗಸರು ಹಗ್ಗ ಹಿಡಿದುಕೊಂಡೇ ನಿಂತುಬಿಟ್ಟರು. ಬೈಬೀನ್ ಬಾಗಿಲು ತೆರೆದು ಹೊರಗೆ ಬಂದಳು. ಅವಳ ಗೂಡಿನಲ್ಲೂ ಅಡ್ಡಗೋಲಿನ ಬಿರುಕಿನಲ್ಲಿ ನುಸಿ ಸಿಕ್ಕಿತು. ಇಬ್ಬರು ಮುದುಕಿಯರೂ ಮಧ್ಯಾಹ್ನದ ಪ್ರಾರ್ಥನೆಯ ಗಂಟೆಯವರೆಗೆ, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ, ಸುಣ್ಣ ಬಳಿದರು.

ಈ ಕಥೆ ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ನಿಮ್ಮ ಹಿತ್ತಲಲ್ಲೂ ನಾಲ್ಕು ಕೋಳಿ ಇರಬಹುದು. ಅವು ಮೊಟ್ಟೆ ನಿಲ್ಲಿಸಿದರೆ, ಗೂಡು ಹತ್ತಲು ಹಿಂಜರಿದರೆ, ದೃಷ್ಟಿ ಯಾರದೆಂದು ಬೀದಿಯ ಕಡೆ ನೋಡಬೇಡಿ. ಗೂಡಿನ ಕಡೆ ನೋಡಿ. ಇಂದೇ ಸಂಜೆ ಅಡ್ಡಗೋಲಿಗೆ ಒಂದು ಬಿಳಿ ಬಟ್ಟೆ ಸುತ್ತಿ. ನುಸಿ ಕಂಡರೆ ಗೂಡು ತೊಳೆದು ಸುಣ್ಣ ಬಳಿಯಿರಿ, ವಾರ ಬಿಟ್ಟು ಮತ್ತೆ ಬಳಿಯಿರಿ. ಕಾಳು, ಚಿಪ್ಪಿನ ಪುಡಿ, ಶುದ್ಧ ನೀರು, ಹೊರಳಾಡಲು ಬೂದಿಮಣ್ಣು ಕೊಡಿ. ಕೋಳಿಗಳನ್ನು ಗುಂಪಾಗಿ ಕೊಲ್ಲುವ ಕೊಕ್ಕರೆ ರೋಗದ ಲಸಿಕೆ ಹಾಕಿಸಿ. ಕೋಳಿ ತೂಕಡಿಸುತ್ತಿದ್ದರೆ ಬೇರೆ ಇಟ್ಟು ಪಶುವೈದ್ಯರನ್ನು ಕೇಳಿ. ಕೊಯ್ದು ಮುಗಿಸಿ ಎಂದು ಯಾರಾದರೂ ಹೇಳಿದರೆ, ಅದು ಮನೆಯ ಹಿರಿಯರೇ ಆಗಿರಲಿ, ಇಲ್ಲ ಎನ್ನಿ. ದೇವರು ನಮ್ಮ ಕೈಗೆ ಕೊಟ್ಟ ಜೀವವನ್ನು ನೋಡಿಕೊಳ್ಳುವುದೂ ಪ್ರಾರ್ಥನೆಯೇ. ಪೊರಕೆ ಎತ್ತಿಕೊಳ್ಳಿ.