ನಾಲ್ಕನೆಯ ಮೂಲೆ

ಹೋಳಿಗೆ ಕೈಯಲ್ಲಿ ಹಿಡಿದುಕೊಂಡೇ ಗುರುಬಸವ್ವ ಅಮೆರಿಕದ ಸ್ಯಾನ್ ಹೊಸೆಯಲ್ಲಿನ ಮಗನ ಮನೆಯನ್ನೆಲ್ಲ ಜಾಲಾಡಿದಳು. ಮಂಚದ ಕೆಳಗಿಲ್ಲ, ಡ್ರೈಯರಿನಲ್ಲಿಲ್ಲ, ಗರಾಜಿನಲ್ಲೂ ಇಲ್ಲ. ಕೌದಿಯೇನು ಸೂಜಿಯೇ, ಎಲ್ಲೋ ಬಿದ್ದು ಕಳೆದುಹೋಗಲಿಕ್ಕೆ? ಹುಟ್ಟಲಿರುವ ಮೊಮ್ಮಗುವಿಗೆಂದು ಇಡೀ ಚಳಿಗಾಲ ಕೂತು ಹೊಲಿದಿದ್ದಳು. ಕೌದಿಯ ನಟ್ಟನಡುವೆ, ತೀರಿಹೋದ ಗಂಡ ತಲೆಗೆ ಸುತ್ತುತ್ತಿದ್ದ ಪಟಕದ ಕೆಂಪು ತುಂಡು. ಅವನದೆಂದು ಉಳಿದಿದ್ದ ಬಟ್ಟೆ ಅದೊಂದೇ.

ಮೂರು ಮೂಲೆ ಮುಚ್ಚಿ ಆಗಿತ್ತು. ನಾಲ್ಕನೆಯದನ್ನು ಬೇಕೆಂದೇ ತೆರೆದಿಟ್ಟಿದ್ದಳು. ಗದಗಿನ ಕಡೆಯ ಅವಳ ಮನೆತನದ ಪದ್ಧತಿ ಹಾಗೆ: ಕೊನೆಯ ಮೂಲೆಯೊಳಗೆ ಒಂದು ಚೂರು ಹೋಳಿಗೆ ಇಟ್ಟು ಹೊಲಿಯಬೇಕು, ಕೌದಿಯ ಹೊಟ್ಟೆ ತುಂಬಬೇಕು. ಹಸಿದ ಕೌದಿಯನ್ನು ಕೂಸಿಗೆ ಹೊದಿಸುತ್ತಾರೆಯೇ? ಇವತ್ತು ಸೊಸೆ ಸಿಂಧುವಿನ ಸೀಮಂತ. ಇವತ್ತೇ ಆ ಮೂಲೆ ಮುಚ್ಚಬೇಕು.

"ತೇಜಸ್ವಿ, ಕೌದಿ ಎಲ್ಲಿಟ್ಟಿಯೋ?"

ಮಗ ಲ್ಯಾಪ್‌ಟಾಪಿನಿಂದ ತಲೆಯೆತ್ತಿದ. ಮುಖ ಅರಳಿತ್ತು. "ಅವ್ವಾ, ಸರ್‌ಪ್ರೈಸು! ನಿನ್ನ ಕೌದಿ ಎನ್‌ಎಫ್‌ಟಿ ಆಯ್ತು! ನಿನ್ನ ಹೆಸರಲ್ಲೇ!"

ಏನಾಯಿತೋ ಆ ಶಿವನೇ ಬಲ್ಲ! ಕೆಲವು ವರ್ಷಗಳ ಹಿಂದೆ ನಾಲ್ಕಾರು ಕಂಪ್ಯೂಟರ್ ಹುಡುಗರು ಬೆಕ್ಕಿನ ಚಿತ್ರ ಇಟ್ಟುಕೊಂಡು ಆಡುತ್ತಿದ್ದ ಆಟವಂತೆ. ಎರಡು ಸಾವಿರದ ಇಪ್ಪತ್ತೊಂದರ ಈ ವಸಂತದಲ್ಲಿ ಊರಿಗೆ ಊರೇ ಅದರ ಹುಚ್ಚು ಹತ್ತಿಸಿಕೊಂಡು ಕೂತಿತ್ತು. ಚಿತ್ರವನ್ನು ಯಾರು ಬೇಕಾದರೂ ನೋಡಬಹುದು, ಒಡೆಯ ಮಾತ್ರ ಒಬ್ಬನೇ. ಟೋಕನ್ ಎಂದು ಕರೆಯುವ ಆ ಒಡೆತನ ಸಾವಿರಾರು ಕಂಪ್ಯೂಟರುಗಳಲ್ಲಿ ಅಳಿಸಲಾಗದ ಹಾಗೆ ದಾಖಲು. ತೇಜಸ್ವಿ ಕೌದಿಯ ಫೋಟೋವನ್ನು ಹಾಗೆ ಮಾರಿದ್ದ. ಮಾರಿದರೆ ಮಾರಲಿ, ಫೋಟೋ ತಾನೇ?

"ಬೈಯರ್ ಒಂದೇ ಕಂಡೀಷನ್ ಹಾಕಿದ. ಒರಿಜಿನಲ್ಲು ಇರಬಾರ್ದು, ಇದ್ರೆ ಟೋಕನ್‌ಗೆ ಬೆಲೆ ಇಲ್ಲ ಅಂತ. ನಿನ್ನೆ ನೀವಿಬ್ರೂ ಗುಡಿಗೆ ಹೋಗಿದ್ರಲ್ಲ, ಆವಾಗ ಮುಗಿಸ್ದೆ. ನೀನು ಇನ್ನೊಂದು ಹೊಲೀತೀಯ ಬಿಡು. ನೋಡಿಲ್ಲಿ!"

ವಿಡಿಯೋದಲ್ಲಿ ಇದೇ ಮನೆಯ ಹಿತ್ತಿಲು. ಬಾರ್ಬೆಕ್ಯೂ ಒಲೆಯ ಮೇಲೆ ಮಡಿಸಿಟ್ಟ ಕೌದಿ. ಲೈಟರ್ ಹಿಡಿದ ಮಗನ ಕೈ. ಮೊದಲು ಹಸಿರು ಅಂಚು ಹೊತ್ತಿಕೊಂಡಿತು, ಆಮೇಲೆ ಕೆಂಪು ಪಟಕ. ಕ್ಯಾಮೆರಾದ ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು.

ಗುರುಬಸವ್ವ ಪರದೆಯ ಮೇಲಿನ ಆ ಕೆಂಪನ್ನು ಬೆರಳಿನಿಂದ ಮುಟ್ಟಿದಳು. ಹೆತ್ತ ಮಗ, ನಗುನಗುತ್ತಾ ಸುಟ್ಟಿದ್ದಾನಲ್ಲ! ಹಿಂದೆ ನಿಂತಿದ್ದ ಸಿಂಧು ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದಳು. "ಅಯ್ಯೋ ತೇಜೂ, ಅದು ಮಾವನ ಪಟಕ ಕಣೋ! ಸುಟ್ಟುಬಿಟ್ಯಾ?"

"ಅಪ್ಪಂದಾ?" ತೇಜಸ್ವಿಯ ಮುಖದ ಬಣ್ಣ ಇಳಿಯಿತು. ಅವನಿಗೆ ಅದು ಬರೀ ಕೆಂಪು ಬಟ್ಟೆಯಾಗಿ ಕಂಡಿತ್ತು. ರೂಢಿಮಾಡಿಕೊಂಡಿದ್ದ ಬೆಂಗಳೂರಿನ ಮಾತು ಬಿಟ್ಟುಹೋಗಿ, ಚಿಕ್ಕಂದಿನ ಗದಗಿನ ಮಾತೇ ತೊದಲಿಕೊಂಡು ಬಂತು. "ಅವ್ವಾ, ನನಗ ಗೊತ್ತಿರಲಿಲ್ಲವ್ವಾ. ಆದ್ರ ಇದು ಎಲ್ಲೂ ಹೋಗಿಲ್ಲ, ನೋಡ. ಸಾವಿರ ವರ್ಷಾದ್ರೂ ಹಿಂಗ ಇರತೈತಿ. ಒಂದು ಎಳಿನೂ ಯಾರೂ ಬದಲಿ ಮಾಡಾಕ ಬರೂದಿಲ್ಲ."

ಅವನು ಫೋಟೋ ತೆರೆದು ಫೋನನ್ನು ಅವಳ ಮುಂದೆ ಹಿಡಿದ. ಗುರುಬಸವ್ವ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು.

"ನಾಕನೇ ಮೂಲಿ ತೆರದೈತಲ್ಲೋ. ಇನ್ನ ಇದನ್ನ ಮುಚ್ಚಾಕ ಬರೂದಿಲ್ಲೇನು?"

ತೇಜಸ್ವಿ ತಲೆಯಾಡಿಸಿದ, ಇಲ್ಲವೆಂದು.

ಅವಳು ಕೈಯಲ್ಲಿದ್ದ ಹೋಳಿಗೆಯನ್ನೊಮ್ಮೆ ನೋಡಿದಳು, ಮಗನನ್ನೊಮ್ಮೆ ನೋಡಿದಳು. "ಹಂಗಾರ ನಿಮ್ಮಪ್ಪ ಎಂದೆಂದಿಗೂ ಹಸಗೊಂಡ ಇರಬೇಕಲ್ಲೋ," ಎಂದವಳೇ ದನಿ ತೆಗೆದು ಅತ್ತಳು.