ಎಡಗಡೆಯ ಕನ್ನಡಿ

ಬಸ್ಸು ಓಡಿಸುವವನಿಗೆ ಎಡಗಡೆಯ ಕನ್ನಡಿ ನೋಡಲು ಭಯವಾದರೆ ಏನು ಗತಿ? ನಮ್ಮ ಡ್ರೈವರಣ್ಣನಿಗೆ ಆಗಿದ್ದು ಅದೇ. ಬಸ್ಸು ನಿಲ್ಲುವ ಮೊದಲೇ ಇಳಿಯಲು ಹೋದ ಅಜ್ಜ ಒಬ್ಬರು ಹಿಂದಿನ ಚಕ್ರಕ್ಕೆ ಸಿಕ್ಕಿ ತೀರಿಕೊಂಡಿದ್ದರು. ಅವನು ಅದನ್ನು ಕಂಡಿದ್ದು ಆ ಕನ್ನಡಿಯಲ್ಲಿ. ತಪ್ಪು ಅವನದಲ್ಲ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಅವನ ಮನಸ್ಸು ಮಾತ್ರ ಒಪ್ಪಲಿಲ್ಲ.

ಈಗ ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದ. ಊಟದ ಹೊತ್ತಿಗೆ ಎಲ್ಲರೂ ಒಟ್ಟಿಗೆ ಕೂತರೆ ಇವನು ಖಾಲಿ ಬಸ್ಸಿನ ಕೊನೆಯ ಸೀಟಿನಲ್ಲಿ ಬುತ್ತಿ ಬಿಚ್ಚುತ್ತಿದ್ದ. ನಿದ್ದೆಯಲ್ಲಿ ಚೀರುತ್ತೇನೆಂದು ಹಾಸಿಗೆಯನ್ನೂ ಹೊರಕೋಣೆಗೆ ತಂದುಕೊಂಡಿದ್ದ. ಗೋಡೆಯ ಆಚೆ ಹೆಂಡತಿಗೂ ನಿದ್ದೆಯಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಒಂಟಿ. ಇನ್ನು ಸ್ಟೀರಿಂಗ್ ಹಿಡಿಯದಿದ್ದರೆ ಡ್ರೈವರ್ ಕೆಲಸ ಬೇರೆಯವರಿಗೆ ಎಂದು ಡಿಪೋದವರೂ ಹೇಳಿಬಿಟ್ಟಿದ್ದರು.

ಒಂದು ಸಂಜೆ ಅವನ ಹಳೆಯ ಜೊತೆಗಾರ ಕಂಡಕ್ಟರ್ ಮನೆಗೆ ಬಂದ.

"ಕಣ್ಣಾಡಿಸೋ ಚಿಕಿತ್ಸೆ ಅಂತ ಇದೆ ಕಣೋ. ಆಸ್ಪತ್ರೇಲಿ ಮನಸ್ಸಿನ ಡಾಕ್ಟರ್ ಮೇಡಂ ಒಬ್ರು ಬೆರಳನ್ನ ಎಡಕ್ಕೆ, ಬಲಕ್ಕೆ ಆಡಿಸ್ತಾರೆ. ನಾವು ಆ ದಿನ ನೆನೆಸ್ಕೊಂಡು ಕಣ್ಣಲ್ಲೇ ಬೆರಳಿನ ಹಿಂದೆ ಹೋಗ್ಬೇಕು."

ಹೆಂಡತಿಗೆ ಸಿಟ್ಟು ಬಂತು. "ಬೆರಳು ಆಡಿಸಿದ್ರೆ ಸಂಕಟ ಹೋಗುತ್ತಾ? ಯಾರ ಕಿವಿ ಮೇಲೆ ಹೂ ಇಡ್ತೀರಣ್ಣ?"

"ನನಗೆ ಹೋಯ್ತಲ್ಲ ತಂಗಿ! ನಿಲ್ಸು ಅಂತ ಅವತ್ತು ಸೀಟಿ ಊದಿದ್ದು ನಾನೇ. ಆಮೇಲೆ ಸೀಟಿ ಬಾಯಿಗಿಟ್ರೆ ವಾಕರಿಕೆ ಬರ್ತಿತ್ತು."

ಡ್ರೈವರಣ್ಣ ತಲೆ ಎತ್ತಿದ. "ನಿನಗೂನಾ? ಹೇಳ್ಲೇ ಇಲ್ಲ!"

"ನೀನು ಕೊನೇ ಸೀಟು ಹಿಡ್ಕೊಂಡು ಕೂತೆ. ಯಾರ ಹತ್ರ ಹೇಳ್ಕೊಳ್ಲಿ?"

ಆ ಮಾತು ಅವನಿಗೆ ನಾಟಿತು. ಹೆಂಡತಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋದ.

ಮೇಡಂ ಮೊದಲು ಮಾತಾಡಿಸಿ ಧೈರ್ಯ ತುಂಬಿದರು. ಬೆರಳು ಆಡಿಸಿದಾಗ ನಮ್ಮವನು ಕನ್ನಡಿ ನೋಡುವ ಅಭ್ಯಾಸದಿಂದ ಕತ್ತನ್ನೇ ತಿರುಗಿಸಿದ.

"ಡ್ರೈವರೇ, ಕತ್ತು ಹಾಗೇ ಇರ್ಲಿ. ಕಣ್ಣು ಮಾತ್ರ!"

ಬೆರಳು ಎಡಕ್ಕೆ ಹೋದಾಗ ಅವನ ಕಣ್ಣು ಅರ್ಧಕ್ಕೇ ನಿಲ್ಲುತ್ತಿತ್ತು. ಒಂದು ದಿನ ಗೊಳೋ ಎಂದು ಅತ್ತ. ಆದರೂ ಬಿಡದೆ ಹೋದ. ಹೆಂಡತಿ ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದಳು.

"ಅಜ್ಜನ್ನ ಮರೆತಿಲ್ಲ ಕಣೇ," ಎಂದ ಕೊನೆಗೊಮ್ಮೆ. "ಆದ್ರೆ ಈಗ ಅದು ಎಂದೋ ನಡೆದದ್ದು ಅನ್ಸುತ್ತೆ. ಮೊದಲಿನ ಹಾಗೆ ಚುಚ್ಚಲ್ಲ."

ಮತ್ತೆ ಬಸ್ಸು ಹತ್ತಿದ ದಿನ ಎಡಗಡೆಯ ಕನ್ನಡಿಯನ್ನು ತಾನೇ ಒರೆಸಿದ. ಅಜ್ಜಿಯೊಬ್ಬಳು ಇಳಿದು ರಸ್ತೆಯ ಅಂಚು ಮುಟ್ಟುವವರೆಗೂ ಅದರಲ್ಲೇ ನೋಡಿದ. ಈ ಸಲ ಕಣ್ಣು ತಪ್ಪಿಸಲಿಲ್ಲ. ಕಂಡಕ್ಟರ್ ಸೀಟಿ ಊದಿದ. ಹಾಸಿಗೆ ಅಂದೇ ಒಳಕೋಣೆಗೆ ಹೋಯಿತು.

ಕೇಳಿ, ಇದು ಮಂತ್ರವಲ್ಲ, ಚಿಕಿತ್ಸೆ. ಮನೆಯಲ್ಲೇ ಬೆರಳು ಆಡಿಸಿ ನೋಡಬೇಡಿ, ತರಬೇತಿ ಪಡೆದವರ ಬಳಿಯೇ ಹೋಗಿ. ನಿಮ್ಮ ಸುತ್ತಲೂ ಯಾರಾದರೂ ಕೊನೆಯ ಸೀಟಿನಲ್ಲಿ ಒಬ್ಬರೇ ಕೂತಿರಬಹುದು. ಇವತ್ತೇ ಹೋಗಿ ಅವರ ಪಕ್ಕ ಕೂತುಕೊಳ್ಳಿ.